ನಫೀಸಮ್ಮನ ಒಂದೂವರೆ ನಿಮಿಷ

ರಜಿಯಾ, ನಿನ್ನ ಚಿತ್ರದಿಂದ ನಿನ್ನ ಉಮ್ಮನ ಧ್ವನಿಯನ್ನು ಅಳಿಸಿದ್ದು ನಾನು. ಆ ದಿನ ಫೈಲ್ ಹಾಳಾಗಿರಲಿಲ್ಲ.

ಆರು ವರ್ಷವಾಯಿತು. ಮೂಡುಬಿದಿರೆಯ ಆ ಪ್ರದರ್ಶನಕ್ಕೆ ನಾನು ಕ್ಯುರೇಟರ್ — ಚಿತ್ರವನ್ನು ಆರಿಸಿದವಳು, ಮುಗಿದ ಮೇಲೆ ಅದರ ಬಗ್ಗೆ ಮಾತಾಡಬೇಕಾದವಳು. ನೀನು ನನ್ನನ್ನು ನಂಬಿ ಎರಡು ದಿನ ಮೊದಲೇ ಚಿತ್ರ ಕಳಿಸಿದ್ದೆ. ಪಾಣೆಮಂಗಳೂರಿನ ಮನೆಯಲ್ಲಿ ನಿನ್ನ ತಾಯಿ ನಫೀಸಮ್ಮ ಬೀಡಿ ಕಟ್ಟುತ್ತಾ ಮಾತಾಡುವ ಇಪ್ಪತ್ತು ನಿಮಿಷ. ನಡುವೆ ಒಮ್ಮೆ ಅವರ ಕೈ ನಿಲ್ಲುತ್ತದೆ. ಆರನೇ ಕ್ಲಾಸಿನಲ್ಲಿ ಮಾಸ್ಟ್ರ ವಾಚು ಕಾಣೆಯಾದದ್ದು, ಎಲ್ಲರೆದುರು ತನ್ನ ಚೀಲ ಕೊಡವಿಸಿದ್ದು, "ಕಳ್ಳಿ, ಮನೆಗೆ ನಡೆ" ಎಂದದ್ದು, ತಾನು ಮತ್ತೆಂದೂ ಶಾಲೆಗೆ ಹೋಗದೆ ಉಳಿದದ್ದು — ಎಲ್ಲ ಹೇಳಿ, ಕೊನೆಗೆ ಹೆಸರನ್ನೂ ಹೇಳುತ್ತಾರೆ. ಆನಂದ ಮಾಸ್ಟ್ರು.

ಅವರು ನನ್ನ ಅಪ್ಪ. ನಿನಗದು ಗೊತ್ತಿರಲಿಲ್ಲ.

ಅಪ್ಪನಿಗೆ ಆಗ ಎಂಬತ್ತನಾಲ್ಕು. ಮಗಳ ಮಾತು ಕೇಳಲು ಬಂದೇ ಬರುತ್ತೇನೆಂದು ಹಠ ಹಿಡಿದಿದ್ದರು. ನಿನಗೆ ಫೋನ್ ಮಾಡಬಹುದಿತ್ತು. ಅಪ್ಪನನ್ನೇ ಕೇಳಬಹುದಿತ್ತು — ಎರಡೂ ಮಾಡಲಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಒಂದೂವರೆ ನಿಮಿಷದ ಧ್ವನಿ ಅಳಿಸಿದೆ. ಅವರ ಬ್ಯಾರಿ ಮಾತಿಗೆ ಪರದೆಯ ಕೆಳಗೆ ಬರುವ ಕನ್ನಡದ ಸಾಲುಗಳನ್ನೂ.

ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ನೀನು, ಪಕ್ಕದಲ್ಲಿ ಉಮ್ಮ. ಎರಡು ಸಾಲು ಹಿಂದೆ ಅಪ್ಪ. ಪರದೆಯ ಮೇಲೆ ಬರೀ ತುಟಿಗಳು ಅಲುಗಾಡತೊಡಗಿದಾಗ ನೀನು ತಿರುಗಿ ನನ್ನನ್ನು ನೋಡಿದೆ. ನಾನು ಕೈಯಲ್ಲಿದ್ದ ಹಾಳೆಯನ್ನು ನೋಡಿದೆ. ಆಗ ಉಮ್ಮ ಬ್ಯಾರಿಯಲ್ಲಿ ನಿನ್ನನ್ನು ಕೇಳಿದರು — ಇಡೀ ಸಭೆಗೆ ಕೇಳಿಸಿತು:

"ನಾನು ಹೇಳಿದ್ದೆಲ್ಲ ಎಲ್ಲಿ ಹೋಯ್ತು ಮಗಳೇ?"

ಚಿತ್ರ ಮುಗಿದ ಮೇಲೆ ಮೈಕ್ ಹಿಡಿದೆ. ಸಲೀಸಾಗಿ ಹೇಳಿಬಿಟ್ಟೆ: "ಆ ಮೌನ ಕಲಾವಿದೆಯದ್ದೇ ಆಯ್ಕೆ." ಜನ ಚಪ್ಪಾಳೆ ತಟ್ಟಿದರು. ಉಮ್ಮ ತಟ್ಟಲಿಲ್ಲ.

ಹೊರಗೆ ನೀನು ಕೇಳಿದೆ, "ಅಕ್ಕ, ನಾನು ಯಾವಾಗ ಹಾಗೆ ಹೇಳಿದ್ದು?"

"ಫೈಲ್ ಹಾಳಾಗಿತ್ತು ಮಾರಾಯ್ತಿ. ನಿನ್ನ ಮರ್ಯಾದೆ ಉಳಿಸ್ಲಿಕ್ಕೆ ಹಾಗೆ ಹೇಳಿದೆ."

ನೀನು ನಂಬಿದೆ. ಥ್ಯಾಂಕ್ಸ್ ಕೂಡ ಹೇಳಿದೆ. ಆ ಮೌನವನ್ನು ಹೊಗಳಿ ಯಾರೋ ಪತ್ರಿಕೆಯಲ್ಲಿ ಬರೆದರು. ಸರಿಯಾದ ಪ್ರತಿ ನಿನ್ನಲ್ಲೇ ಇದ್ದರೂ, ಆಮೇಲೆ ನೀನೇ ಉಮ್ಮನ ಮಾತು ತೆಗೆದು ತೋರಿಸತೊಡಗಿದೆ. ಅದನ್ನು ನಿನಗೆ ಕಲಿಸಿದವಳು ನಾನು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದುಂಟು. ಆ ಸಂಜೆ ಬಂಟ್ವಾಳಕ್ಕೆ ಮರಳುವಾಗ ಅಪ್ಪ ಕಾರಿನಲ್ಲಿ ನನ್ನ ಪಕ್ಕ ಕೂತಿದ್ದರು. ಹೊರಟ ಸ್ವಲ್ಪ ಹೊತ್ತಿಗೇ ಕೇಳಿದರು, "ಅದು ನಮ್ಮ ಶಾಲೆಯ ನಫೀಸ ಅಲ್ವಾ? ಏನು ಹೇಳ್ತಾ ಇದ್ದಳು?"

"ಗೊತ್ತಿಲ್ಲಪ್ಪ."

"ವಾಚು ನಮ್ಮ ಮನೆಯಲ್ಲೇ ಸಿಕ್ಕಿತ್ತು, ಮರುದಿನವೇ. ಅವಳ ಮನೆಗೆ ಹೋಗಿ ಹೇಳ್ಲಿಕ್ಕೆ ನನಗೆ ನಾಚಿಕೆ ಆಯ್ತು... ಕಾರು ತಿರುಗಿಸು. ಈಗಲಾದ್ರೂ ಹೇಳ್ತೇನೆ."

ನೀವಿಬ್ಬರೂ ಇನ್ನೂ ಬಸ್ಸಿಗೆ ಕಾಯುತ್ತಿರುತ್ತೀರಿ ಎಂದು ನನಗೆ ಗೊತ್ತಿತ್ತು. ತಿರುಗಿಸಿದರೆ ನನ್ನ ಸುಳ್ಳು ಹೊರಬೀಳುತ್ತಿತ್ತು. "ಇನ್ನೊಮ್ಮೆ ಹೋಗುವ ಅಪ್ಪ" ಎಂದೆ.

ನಾಲ್ಕು ತಿಂಗಳಲ್ಲಿ ಅಪ್ಪ ತೀರಿಕೊಂಡರು.

ಅಪ್ಪನ ಮಾನ ಕಾಯಲು ಮಾಡಿದೆ ಎಂದು ಇಷ್ಟು ವರ್ಷ ಹೇಳಿಕೊಂಡೆ. ಆದರೆ ಆ ರಸ್ತೆಯಲ್ಲಿ ಕಾದುಕೊಂಡದ್ದು ಯಾರ ಮಾನ? ಉಮ್ಮ ಆಮೇಲೆ ಕ್ಯಾಮೆರಾದ ಮುಂದೆ ಕೂರಲೇ ಇಲ್ಲ ಎಂದು ಕಳೆದ ವಾರ ನೀನು ನಗುತ್ತಾ ಹೇಳಿದೆ — "ಅವರಿಗೆ ಹಠ ಅಕ್ಕ." ನನಗೆ ನಗಲಾಗಲಿಲ್ಲ.

ಶನಿವಾರ ಬೆಳ್ತಂಗಡಿಯಲ್ಲಿ ಮತ್ತೆ ನಿನ್ನ ಚಿತ್ರ, ಮತ್ತೆ ನನ್ನ ಮಾತು. ಅದಕ್ಕೆ ಮೊದಲು, ನಾಳೆ ಬೆಳಿಗ್ಗೆ, ನಿಮ್ಮ ಮನೆಗೆ ಬರುತ್ತೇನೆ. ವಾಚು ಸಿಕ್ಕಿದ ವಿಷಯ ಸಭೆಗಿಂತ ಮೊದಲು ಉಮ್ಮನಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು. ಆಮೇಲೆ, ಅವರು ಒಪ್ಪಿದರೆ, ಮೈಕಿನಲ್ಲಿ ಹೇಳುತ್ತೇನೆ — ಅಪ್ಪ ಮಾಡಿದ್ದು, ನಾನು ಮಾಡಿದ್ದು, ಎರಡೂ. ಕ್ಷಮಿಸಿ ಎಂದು ಕೇಳುವುದಿಲ್ಲ. ಅವರು ಒಳಗೆ ಕರೆಯದಿದ್ದರೆ ಅಂಗಳದಲ್ಲಿ ನಿಂತೇ ಹೇಳುತ್ತೇನೆ.