ಪೂಜೆಯಲ್ಲಿದ್ದ ಪ್ಲಗ್

ಇವತ್ತು ಬೆಳಿಗ್ಗೆ ಮುಂಬೈಯ ದಹಿಸರ್‌ನ ನಮ್ಮ ಬಿಲ್ಡಿಂಗಿನ ಕೆಳಗೆ ನನ್ನ ಬೈಕು ಹಟ ಹಿಡಿದು ನಿಂತಿತು. ಕಿಕ್ ಹೊಡೆದು ಹೊಡೆದು ಕಾಲು ಸೋತಿತು. ಕೊನೆಗೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಗೆ ತೆಗೆದುಕೊಂಡೆ. ಪೆಟ್ರೋಲಿನಲ್ಲಿ ತೊಯ್ದು ಹೋಗಿತ್ತು. ಅಷ್ಟರಲ್ಲಿ ನೆಲಮಹಡಿಯ ಮನೆಯವರು ಊದುಬತ್ತಿ ಹಚ್ಚಿದರು. ಪೆಟ್ರೋಲು, ಊದುಬತ್ತಿ ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಆಂಟಾಪ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಕಣ್ಣ ಮುಂದೆ ಬಂದು ನಿಂತರು. ನಿಂತರು ಅಂದೆನೇ... ಆ ಮನುಷ್ಯ ಒಂದು ಕಡೆ ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ.

ಅವರು ಧಾರವಾಡದ ಕಡೆಯವರು, ನಾವು ಮೈಸೂರಿನವರು. ಬಿಲ್ಡಿಂಗಿನ ಮರಾಠಿ ಮಕ್ಕಳು ಕರೆಯುತ್ತಿದ್ದ ಹಾಗೇ ನಾನೂ ಅವರನ್ನು ಕಾಕಾ ಎಂದೇ ಕರೆದೆ, ಅವರ ಹೆಂಡತಿಯನ್ನು ಕಾಕು ಎಂದೆ. ಕಾಕಾಗೆ ಕಾಯುವುದು ಎಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಚಹಾ ಆರುವ ತನಕ ತಡೆಯುತ್ತಿರಲಿಲ್ಲ, ಬಸ್ ಸ್ಟಾಪಿನಲ್ಲಿ ಅತ್ತಿಂದಿತ್ತ ಓಡಾಡಿ ಸರದಿಯಲ್ಲಿದ್ದವರ ತಲೆ ತಿರುಗಿಸುತ್ತಿದ್ದರು. ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ ಮಂಗಳಾರತಿಗೆ ಮೊದಲೇ ಚಪ್ಪಲಿ ಹುಡುಕುತ್ತಿದ್ದರು. ಲೋಕಲ್‌ಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು ತನ್ನಿಂದ ಆಗದು ಎಂದೇ ಯಾರದೋ ಹಳೆಯ ಮೋಟಾರ್‌ಸೈಕಲ್ ಕೊಂಡರು.

ಆ ಮೋಟಾರ್‌ಸೈಕಲ್ಲು ಅವರನ್ನು ದಿನಾ ಬೆಳಿಗ್ಗೆ ಕಾಯಿಸಿತು.

ಗ್ಯಾಲರಿಯಲ್ಲಿ ನಿಂತು ಹಲ್ಲುಜ್ಜುತ್ತಾ ನಾವೆಲ್ಲ ಅದನ್ನು ನೋಡುತ್ತಿದ್ದೆವು. ಕೀಲಿ ತಿರುಗಿಸಿದರೋ, ಪೆಟ್ರೋಲ್ ಕಾಕ್ ತೆರೆದಿದೆಯೋ, ಚೋಕ್ ಎಳೆದರೋ ಎಂದು ಮೇಲಿನಿಂದ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಸಲಹೆ ಉದುರಿಸುತ್ತಿದ್ದರು. ಕಾಕಾ ಟ್ಯಾಂಕಿನ ಮುಚ್ಚಳ ತೆರೆದು ಗಾಡಿಯನ್ನು ಅಲುಗಾಡಿಸಿ ಒಳಗಿನ ಸದ್ದು ಕೇಳುವರು. ಪ್ಲಗ್ ಬಿಚ್ಚಿ ಮರಳು ಕಾಗದದಲ್ಲಿ ತಿಕ್ಕಿ, ಎಂಜಿನ್ನಿಗೆ ತಾಗಿಸಿ ಹಿಡಿದು, ಕೈಯಿಂದ ಕಿಕ್ ಒತ್ತಿ ಕಿಡಿ ಹಾರುತ್ತದೆಯೇ ಎಂದು ಬಗ್ಗಿ ನೋಡುವರು. ಗಾಡಿ ಕೊನೆಗೂ ಗುರ್ ಎನ್ನುವ ಹೊತ್ತಿಗೆ ಲೋಕಲ್ ಹಿಡಿದು ಹೋದವರು ಆಫೀಸು ಸೇರಿ ಫ್ಯಾನಿನ ಕೆಳಗೆ ಬೆವರು ಆರಿಸಿಕೊಳ್ಳುತ್ತಿರಬೇಕು. ಆದರೂ ಅವರು ಗಾಡಿ ಬಿಡಲಿಲ್ಲ. ನನಗೂ ಅದು ಅರ್ಥವಾಗುತ್ತಿತ್ತು. ನಾನೂ ಅಂಥವಳೇ. ನಿಮ್ಮಿಬ್ಬರ ಕಾಲಲ್ಲೂ ಚಕ್ರ ಇದೆ ಎಂದು ಅಮ್ಮ ಬೈಯುತ್ತಿದ್ದಳು.

ಪಕ್ಕದ ಕಾಲನಿಯಲ್ಲಿ ಯಾರದೋ ಬೈಕು ಕಳುವಾದ ಮೇಲೆ ಕಾಕಾ ಒಂದು ಅಭ್ಯಾಸ ಮಾಡಿಕೊಂಡಿದ್ದರು. ಸಂಜೆ ಬಂದ ಕೂಡಲೇ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಮೇಲೆ ಬರುವುದು. ಮನೆಯಲ್ಲಿ ಅದಕ್ಕೊಂದು ಜಾಗ ಬೇಕಲ್ಲ, ಎಲ್ಲಿಟ್ಟರೂ ಮರುದಿನ ಮರೆತುಹೋಗುತ್ತಿತ್ತು. ಕೊನೆಗೆ ಕೈಮುಗಿಯುವಾಗಲಾದರೂ ಕಣ್ಣಿಗೆ ಬೀಳಲಿ ಎಂದು ದೇವರ ಜಗಲಿಯ ಮೂಲೆಯಲ್ಲಿ ಇಟ್ಟರು. ಅವತ್ತಿನಿಂದ ಅವರ ಮನೆಯ ದೇವರಿಗೆ ಊದುಬತ್ತಿಯ ಜೊತೆ ಪೆಟ್ರೋಲಿನ ವಾಸನೆಯೂ ಸಂದಿತು. ಕಾಕು ಗೊಣಗಿದರು, ಆದರೆ ಎತ್ತಿ ಬಿಸಾಡಲಿಲ್ಲ.

ನವರಾತ್ರಿಯ ಒಂಬತ್ತನೇ ದಿನ ನಮ್ಮಲ್ಲಿ ಆಯುಧ ಪೂಜೆ, ಅವರಲ್ಲಿ ಖಂಡೇ ಪೂಜೆ. ನಮ್ಮ ಕಡೆಯವರು ಗಾಡಿಗೆ ಹೂವು ಸುತ್ತಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಊರು ಸುತ್ತಿಬರುತ್ತಾರೆ. ಅವರ ಮನೆಯ ಕಟ್ಟು ಬೇರೆ. ಪೂಜೆಗಿಟ್ಟ ಯಾವ ಸಾಮಾನನ್ನೂ ಮರುದಿನ ದಸರೆಯ ತನಕ ಮುಟ್ಟುವಂತಿಲ್ಲ. ಈಳಿಗೆ ಪೂಜೆಯಲ್ಲಿದೆ ಎಂದು ಹಿಂದಿನ ದಿನವೇ ತರಕಾರಿ ಹೆಚ್ಚಿಡುವಷ್ಟು ಕಾಕು ಕಟ್ಟುನಿಟ್ಟು. ಗಾಡಿಯನ್ನು ಮೂರನೇ ಮಹಡಿಗೆ ಹೊರುವುದು ಸಾಧ್ಯವಿಲ್ಲದ್ದರಿಂದ ಗಾಡಿಯ ಪರವಾಗಿ ಪ್ಲಗ್ ಪೂಜೆಗೆ ಕೂರುತ್ತಿತ್ತು. ಅವತ್ತೊಂದು ದಿನ ಕಾಕಾ ಮುಖ ಗಂಟಿಕ್ಕಿಕೊಂಡು ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಿದ್ದರು.

ಅಂಥದ್ದೇ ಒಂದು ಖಂಡೇ ಪೂಜೆಯ ದಿನ ಅಂಧೇರಿಯಲ್ಲಿ ನನಗೆ ಇಂಟರ್‌ವ್ಯೂ ಇತ್ತು. ಅಪ್ಪನ ಕಂಪನಿ ಬಾಗಿಲು ಹಾಕಿತ್ತು. ಅಪ್ಪ ಹಗಲೆಲ್ಲ ಓದಿದ ಪೇಪರನ್ನೇ ಓದುತ್ತಾ ಕೂರುತ್ತಿದ್ದ ಕಾಲ ಅದು. ಈ ಕೆಲಸ ಸಿಗದಿದ್ದರೆ ಮೈಸೂರಿಗೆ ವಾಪಸು ಹೋಗೋಣ ಎಂದು ಅಮ್ಮ ಪಾತ್ರೆ ಪಗಡೆ ಲೆಕ್ಕ ಹಾಕತೊಡಗಿದ್ದಳು. ನನಗೆ ಮುಂಬೈ ಬಿಡುವುದು ಬೇಡವಾಗಿತ್ತು. ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ ಲೋಕಲ್ ಓಡಾಟವೇ ನಿಂತಿದೆ. ಬಸ್ಸುಗಳಲ್ಲಿ ಜನ ಬಾಗಿಲಿಗೆ ಜೋತುಬಿದ್ದಿದ್ದಾರೆ, ಟ್ಯಾಕ್ಸಿಯವರು ಕತ್ತು ತಿರುಗಿಸಿಯೂ ನೋಡುತ್ತಿಲ್ಲ. ಓಡಿಕೊಂಡು ಮನೆಗೆ ಬಂದೆ. ಬಸ್ಸು ಸಿಗದೆ ವಾಪಸು ಬಂದ ಕಾಕಾ ಕೆಳಗೇ ಸಿಕ್ಕರು. ನನ್ನ ಮುಖ ನೋಡಿ, "ನಡಿ ತಂಗಿ, ನಾ ಬಿಡ್ತೀನಿ" ಅಂದರು.

ಗಾಡಿ ಚಾಲೂ ಆಗಲಿಲ್ಲ.

ಕಾಕಾ ಕಿಕ್ ಹೊಡೆದರು, ಚೋಕ್ ಎಳೆದರು, ಬಿಟ್ಟರು, ಮತ್ತೆ ಎಳೆದರು. ಸೀಟಿನ ಕೆಳಗಿಂದ ಮರಳು ಕಾಗದ ತೆಗೆದು ಪ್ಲಗ್ ತಿಕ್ಕಿದರು, ಮತ್ತೆ ಕಿಕ್. ಇಬ್ಬರೂ ಸೇರಿ ಗಾಡಿಯನ್ನು ಗೇಟಿನ ತನಕ ತಳ್ಳಿದೆವು, ಇಳಿಜಾರಿನಲ್ಲಿ ಉರುಳಿಸಿದೆವು. ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಗಡಿಯಾರ ನೋಡಿ ನೋಡಿ ನನಗೆ ಅಳುವೇ ಬಂದಿತ್ತು. ಕಾಕಾ ಮಾತ್ರ ತಪ್ಪು ಮಾಡಿದವರ ಹಾಗೆ ನೆಲ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. ಗಾಡಿಯಲ್ಲಿರುವುದು ಎಂದೋ ಸತ್ತ ಹಳೆಯ ಪ್ಲಗ್, ಸೀಟಿನ ಕೆಳಗೆ ಬಿದ್ದಿದ್ದದ್ದು. ಒಳ್ಳೆಯದು ಮೇಲೆ ಪೂಜೆಯಲ್ಲಿದೆ. ಅದನ್ನು ಎತ್ತಿಕೊಡು ಎಂದು ಹೆಂಡತಿಯನ್ನು ಕೇಳಲು ಬಾಯಿ ಬರಲಿಲ್ಲ, ಹೇಗಾದರೂ ಇದರಲ್ಲೇ ಹೊರಟುಬಿಟ್ಟರೆ ಸಾಕು ಎಂದುಕೊಂಡಿದ್ದೆ ಅಂದರು.

ನಾನು ಮೇಲೆ ನೋಡಿದೆ. ಗ್ಯಾಲರಿಯಲ್ಲಿ ಕಾಕು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ... ಒಳಗೆ ಹೋದರು. ಸಿಟ್ಟು ಮಾಡಿಕೊಂಡು ಹೋದರು ಎಂದೇ ನನ್ನ ಎಣಿಕೆ. ಸ್ವಲ್ಪ ಹೊತ್ತಿಗೆ ಹಬ್ಬದ ಸೀರೆಯ ನಿರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದು ಬಂದರು. ಸೆರಗಿನಲ್ಲಿ ಪ್ಲಗ್. ಅರಿಶಿನ ಕುಂಕುಮ ಹಚ್ಚಿದ್ದರ ಮೇಲೆ ಒಂದು ಚೆಂಡುಹೂವಿನ ಎಸಳು ಅಂಟಿತ್ತು.

ಕಾಕಾ ಕೈ ಚಾಚಲಿಲ್ಲ. "ಪೂಜಿ ಇನ್ನೂ ಐತಲ್ಲ..." ಅಂದರು.

"ಚಾಲೂ ಆಗಲಿ ಅಂತನ ಪೂಜಿ ಮಾಡಿದ್ದು," ಅಂದರು ಕಾಕು. "ಚಂದಂಗ ಒರಸ್ರಿ, ಕುಂಕುಮ ಒಳಗ ಹೋದೀತು."

ಗಾಡಿ ಮೊದಲ ಕಿಕ್ಕಿಗೇ ಹೊರಟಿತು. ಸಯನ್ ದಾಟಿ, ಧಾರಾವಿಯ ಟ್ರಾಫಿಕ್ಕಿನಲ್ಲಿ ಸಂದಿಗೊಂದಿ ಹಿಡಿದು, ಕಾಕಾ ಆ ದಿನ ಓಡಿಸಿದ ರೀತಿಯನ್ನು ಪೊಲೀಸರು ನೋಡದಿದ್ದದ್ದು ನಮ್ಮ ಪುಣ್ಯ. ಅಂಧೇರಿಯ ಆ ಆಫೀಸಿನ ಮುಂದೆ ನಾನಿಳಿದಾಗ ಅವರು ಎಂಜಿನ್ ಬಂದ್ ಮಾಡಲಿಲ್ಲ. "ಬಂದ್ ಮಾಡಿದ್ರ ಮತ್ತ ಚಾಲೂ ಆಗ್ತೈತೋ ಇಲ್ಲೋ. ನೀ ಹೋಗು, ನಾ ಇಲ್ಲೇ ಇರ್ತೀನಿ" ಅಂದರು.

ಒಳಗೆ ತುಂಬ ಹೊತ್ತು ಕೂರಿಸಿದರು. ಹೆಸರು ಕರೆದಾಗ ಉರು ಹೊಡೆದ ಇಂಗ್ಲಿಷೆಲ್ಲ ಹಾರಿಹೋಗಿತ್ತು. ಅಷ್ಟರಲ್ಲಿ ಕಿಟಕಿಯ ಕೆಳಗೆ ಆ ಗಾಡಿಯ ಸದ್ದು ಹಾದುಹೋಯಿತು. ಕಾಕಾ ಹೊರಟುಹೋದರು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು, ಅದೇ ಕೆಮ್ಮು. ಆಮೇಲೆ ಇನ್ನೊಮ್ಮೆ. ಆಗ ತಿಳಿಯಿತು, ಅವರು ಬಿಲ್ಡಿಂಗಿನ ಸುತ್ತ ಸುತ್ತು ಹಾಕುತ್ತಿದ್ದಾರೆ. ಎಂಜಿನ್ ಬಂದ್ ಮಾಡುವ ಹಾಗಿಲ್ಲ, ನಿಲ್ಲಿಸಿ ಸುಮ್ಮನೆ ಕೂರುವುದು ಆ ಜೀವಕ್ಕೆ ಗೊತ್ತಿಲ್ಲ. ಮುಂದೆ ಕೂತಿದ್ದ ಸಾಹೇಬರು ಗೊಣಗುತ್ತಾ ಎದ್ದು ಕಿಟಕಿ ಮುಚ್ಚಿದರು. ಮುಚ್ಚಿದರೂ ನನಗೆ ಕೇಳಿಸುತ್ತಿತ್ತು. ಒಂದು ಸದ್ದು ಹೋಗಿ ಇನ್ನೊಂದು ಬರುವುದರೊಳಗೆ ಒಂದೊಂದು ಪ್ರಶ್ನೆಗೆ ಉತ್ತರ ಹೇಳಿದೆ. ಹೊರಗೆ ಬಂದಾಗ ವಾಚ್‌ಮನ್ ತಡೆದು ಕೇಳಿದ, "ವೋ ಕಬ್ ಸೆ ಚಕ್ಕರ್ ಕಾಟ್ ರಹಾ ಹೈ. ಆಪ್‌ಕೆ ಸಾಥ್ ಹೈ ಕ್ಯಾ?"

ಹೌದು, ಆ ಸುತ್ತು ಹಾಕುತ್ತಿರುವವರು ನನ್ನ ಜೊತೆಯೇ ಎಂದು ಹೇಳುವಾಗ ಎಷ್ಟು ಹೆಮ್ಮೆಯಾಗಿತ್ತು.

ಕೆಲಸ ಸಿಕ್ಕಿತು. ಮೈಸೂರಿಗೆ ಹೋಗುವ ಮಾತು ನಿಂತಿತು. ಆ ದಿನ ಮನೆಗೆ ಬಂದ ಕೂಡಲೇ ಕಾಕಾ ಬಿಸಿ ಪ್ಲಗ್ಗನ್ನು ಕರವಸ್ತ್ರದಲ್ಲಿ ಹಿಡಿದು ಮೇಲೆ ಓಡಿದರು. ಕಾಕು ಅದಕ್ಕೆ ಹೊಸದಾಗಿ ಕುಂಕುಮ ಹಚ್ಚಿ, ಕತ್ತರಿಗೂ ಈಳಿಗೆಗೂ ನಡುವೆ ಬಿಟ್ಟಿದ್ದ ಜಾಗದಲ್ಲಿ ಮತ್ತೆ ಇಟ್ಟರು.

ಆಮೇಲೆ ಆ ಬಿಲ್ಡಿಂಗನ್ನು ಕೆಡವಿದರು. ನಾವು ದಹಿಸರ್‌ಗೆ ಬಂದೆವು, ಅವರು ಸಯನ್‌ನಲ್ಲಿ ಮಗನ ಫ್ಲ್ಯಾಟಿಗೆ ಹೋದರು. ಕಾಕಾ ಈ ಮಳೆಗಾಲದಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲೂ ಕೈಗೆ ಚುಚ್ಚಿದ ಸೂಜಿ ಕಿತ್ತು ಎದ್ದು ಹೋಗಲು ನೋಡುತ್ತಿದ್ದರಂತೆ... ಕಾರ್ಯವೆಲ್ಲ ಮುಗಿದ ಮೇಲೆ ಮಗ ಗಾಡಿಯನ್ನು ಗುಜರಿಯ ಭಂಗಾರವಾಲಾನಿಗೆ ಕೊಟ್ಟ. ಅವನದೇನೂ ತಪ್ಪಲ್ಲ, ಅದು ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು.

ನಿನ್ನೆ ಸಂಜೆ ಕಾಕು ಫೋನ್ ಮಾಡಿದ್ದರು. "ನಾಳೆ ಖಂಡೇ ಪೂಜಿ. ಮಗ ವರ್ಷದ ಸೂತಕ ಐತಿ ಅಂತಾನ, ನಾ ಕೇಳೂದಿಲ್ಲ. ಸಣ್ಣಂಗ ಪೂಜಿ ಇಡ್ತೀನಿ. ಕತ್ತರಿ, ಈಳಿಗಿ, ಅವರ ಪೆನ್ನು ಎಲ್ಲಾ ಐತಿ. ಪ್ಲಗ್ ಒಂದು ಇಲ್ಲ ನೋಡು. ಗಾಡಿ ಕೊಡೂ ಮುಂದ ಬಿಚ್ಚಿ ಇಟ್ಕೋಬೇಕಿತ್ತು, ನನಗ ಹೊಳೀಲಿಲ್ಲ."

ಅದಕ್ಕೇ ಇವತ್ತು ಬೆಳಿಗ್ಗೆ ನನಗೆ ಅಷ್ಟು ಚಡಪಡಿಕೆ. ಪ್ಲಗ್ಗನ್ನು ಒರೆಸಿ, ತಿಕ್ಕಿ, ಕಿಡಿ ನೋಡಿ ಮತ್ತೆ ಹಾಕಿದೆ. ಬೈಕು ಹೊರಟಿತು. ಎಲ್ಲೂ ನಿಲ್ಲಿಸದೆ ಸಯನ್ ಮುಟ್ಟಿದೆ. ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಆರುವ ತನಕ ಪಕ್ಕದಲ್ಲೇ ಕಾದು, ಪ್ಲಗ್ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಮೇಲೆ ಒಯ್ದೆ.

ಕತ್ತರಿಗೂ ಈಳಿಗೆಗೂ ನಡುವೆ ಕಾಕು ಜಾಗ ಬಿಟ್ಟಿದ್ದರು. ನಾನು ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿ ನೋಡಿದರು. ಅಲ್ಲಿಟ್ಟು ಕುಂಕುಮ ಹಚ್ಚಿದರು. "ಇನ್ನ ಮನಿಗೆ ಹೆಂಗ ಹೋಗ್ತಿ?" ಅಂದರು.

"ನಾಳೆ ಹೋಗ್ತೀನಿ ಕಾಕು," ಅಂದೆ.

ಊದುಬತ್ತಿ ಉರಿಯುತ್ತಿತ್ತು. ಕಿಟಕಿಯ ಕೆಳಗೆ ಯಾರದೋ ಹಳೆಯ ಮೋಟಾರ್‌ಸೈಕಲ್ಲು ಕೆಮ್ಮುತ್ತಾ ಹಾದುಹೋಯಿತು. ಕಾಕು ತಲೆಯೆತ್ತಿದರು, ನಾನೂ ಎತ್ತಿದೆ. ಅದು ಸುತ್ತಿ ಬರಲಿ ಎಂದು ಬಹಳ ಹೊತ್ತು ಕಿವಿಗೊಟ್ಟು ಕೂತಿದ್ದೆವು. ಬರಲಿಲ್ಲ.