ಅವ್ವನ ಒಲೆಗುಂಡು

ನಿನ್ನೆ ತಾರಸಿಯ ಕುಂಡಗಳಿಗೆ ಕುರಿಗೊಬ್ಬರ ಹಾಕಿ ನೀರು ಹನಿಸಿದೆ. ಹಸಿ ಹಿಕ್ಕೆಯ ವಾಸನೆ ಎದ್ದಿತು. ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು... ಪಕ್ಕದ ಮನೆಯ ಮೇಷ್ಟ್ರು ನೆನಪಾದರು.

ನಾವು ಕೆ.ಬಿ. ಬಡಾವಣೆಗೆ ಬರುವಷ್ಟರಲ್ಲಿ ಅವರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾಗಿದ್ದರು. ಹುಟ್ಟಿದ್ದು ಕುರಿಗಾರರ ಮನೆಯಲ್ಲಿ. ಮಳೆಗಾಲಕ್ಕೆ ಹೊಲಗಳಲ್ಲಿ ಪೈರು ಎದ್ದರೆ ಕುರಿಗೆ ಜಾಗವೆಲ್ಲಿ? ಆಗ ಅವರ ಮನೆಮಂದಿಯೆಲ್ಲ ಬಾತಿ ಊರಿನ ಆಚೆಯ ಗುಡ್ಡ ಹತ್ತಿ, ಮುಳ್ಳುಬೇಲಿಯ ರೊಪ್ಪ ಹಾಕಿಕೊಂಡು ಅಲ್ಲೇ ಇರುತ್ತಿದ್ದರಂತೆ. ಮೇಷ್ಟ್ರು ಸಣ್ಣವರಿದ್ದಾಗಲೇ ಅವ್ವ ತೀರಿಕೊಂಡಿದ್ದರು. ಒಂದು ಫೋಟೋ ಕೂಡ ಇರಲಿಲ್ಲ. ಅವ್ವ ಒಲೆ ಹೂಡಿದ ಜಾಗವನ್ನಾದರೂ ಒಮ್ಮೆ ನೋಡಬೇಕೆಂಬುದು ಅವರ ಆಸೆ.

ಕುರಿ ಕೂತ ನೆಲದಲ್ಲಿ ಎಷ್ಟು ವರ್ಷವಾದರೂ ಹುಲ್ಲು ದಟ್ಟಗೆ ಬರುತ್ತದೆ. ಅದಕ್ಕೇ ಮಳೆ ಬಿದ್ದ ಮೇಲೆ ಹುಡುಕಲು ಹೊರಡುತ್ತಿದ್ದರು. ನಾನು ಮಂಡಕ್ಕಿ ಕಟ್ಟಿಕೊಡುತ್ತಿದ್ದೆ.

“ಜನ ಗುಡ್ಡದಾಗೆ ನಿಧಿ ಹುಡುಕಿದ್ರೆ ನೀವು ಹಿಕ್ಕೆ ಹುಡುಕ್ತೀರಲ್ರೀ ಮೇಷ್ಟ್ರೇ!”

“ನಿಧಿ ಸಿಕ್ರೆ ಸರ್ಕಾರ ಒಯ್ತೈತವ್ವ. ಹಿಕ್ಕೆ ಯಾರೂ ಕೇಳಲ್ಲ.”

ಒಂದು ಸಂಜೆ ಕೆಸರುಕಾಲಲ್ಲೇ ನಮ್ಮ ಬಾಗಿಲಿಗೆ ಬಂದು ನಿಂತರು. “ಸಿಕ್ತವ್ವ... ಅವ್ವನ ಒಲಿ.”

ಮರುದಿನ ನನ್ನನ್ನೂ ನಮ್ಮ ಯಜಮಾನರನ್ನೂ ಕರೆದುಕೊಂಡು ಹೋದರು. ಅವರು ಸದಾ ಹೇಳುತ್ತಿದ್ದ ಸೀಳುಬಂಡೆ, ಅದರ ಬುಡದಲ್ಲಿ ಮಣ್ಣಲ್ಲಿ ಅರ್ಧ ಹೂತ ಮೂರು ಕಲ್ಲು, ಪಕ್ಕದ ಹಾಸುಗಲ್ಲಿನಲ್ಲಿ ಖಾರ ಅರೆದೂ ಅರೆದೂ ಬಿದ್ದ ಗುಳಿ. ಮೇಷ್ಟ್ರು ಆ ಗುಳಿಯೊಳಗೆ ಅಂಗೈ ಇಟ್ಟು ಬಹಳ ಹೊತ್ತು ಕೂತರು...

“ನೆನಪಿಗೆ ಒಂದು ಕಲ್ಲು ಮನಿಗೆ ಒಯ್ಯೋಣ ತಡೀರಿ,” ಎಂದು ನಮ್ಮ ಯಜಮಾನರು ಬಗ್ಗಿದರು.

“ಬ್ಯಾಡ್ರಿ! ರೊಪ್ಪ ಬಿಟ್ಟು ಹೊಂಟ್ರೂ ಒಲಿಗುಂಡು ಕೀಳಬಾರ್ದು ಅಂತಿದ್ಲು ಅವ್ವ. ಮುಂದೆ ಬರೋರಿಗೆ ಬೇಕಾಗ್ತೈತೆ.”

ಅಷ್ಟೇ ಅಲ್ಲ, ಬಂಡೆಯ ಸಂದಿಯಿಂದ ಒಣ ಪುಳ್ಳೆ ಆರಿಸಿ ತಂದು ಕಲ್ಲುಗಳ ನಡುವೆ ಇಟ್ಟರು. ಮಳೆಗೆ ನೆನೆಯದಂತೆ ಮೇಲೊಂದು ಚಪ್ಪಡಿ ಮುಚ್ಚಿದರು. ಅವ್ವ ಮಾಡುತ್ತಿದ್ದುದೂ ಹೀಗೆಯೇ ಅಂತೆ. ಅಲ್ಲಿಗೆ ಯಾರು ಬರುತ್ತಾರೆಂದು ನಾನು ಕೇಳಲಿಲ್ಲ.

ಮೇಷ್ಟ್ರು ತೀರಿಹೋದ ಮೇಲೆ ಇದು ಎರಡನೆಯ ಮಳೆಗಾಲ. ನಿನ್ನೆಯ ಆ ವಾಸನೆ ಮನಸ್ಸಿನಿಂದ ಹೋಗದೆ, ಇವತ್ತು ಯಜಮಾನರನ್ನು ಹೊರಡಿಸಿಕೊಂಡು ಗುಡ್ಡಕ್ಕೆ ಹೋದೆ. ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಪುಳ್ಳೆ ಇರಲಿಲ್ಲ. ಕಲ್ಲುಗಳ ನಡುವೆ ಹೊಸ ಬೂದಿ, ಸುತ್ತಲೂ ಹಸಿ ಹಿಕ್ಕೆ. ಯಾರೋ ಮುದ್ದೆ ಬೇಯಿಸಿಕೊಂಡು ಉಂಡು ಹೋಗಿದ್ದರು.

ಒಣಗಿದ ಕಡ್ಡಿ ಸಿಕ್ಕಷ್ಟು ಆರಿಸಿ ಇಟ್ಟು ಚಪ್ಪಡಿ ಮುಚ್ಚಿ ಬಂದೆ. ಬೈಕು ಇಳಿದವಳೇ ಸುದ್ದಿ ಹೇಳಲು ಪಕ್ಕದ ಮನೆಯ ಗೇಟಿಗೆ ಕೈಹಾಕಿದೆ. ಬೀಗ ತಣ್ಣಗಿತ್ತು.