ದಾಳಿಂಬೆ ಬಣ್ಣದ ರೇನ್‌ಕೋಟು

ಬಣ್ಣದ ಮಾಸ್ಟರ್ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರು ಯಾರು? ಬಸ್ ನಿಲ್ದಾಣದ ಹಿಂದೆ, ಮಹಡಿ ಮೆಟ್ಟಿಲ ಕೆಳಗೆ, ಸೆಟೆದು ನಿಂತರೆ ತಲೆ ತಾಗುವಂಥ ಜಾಗದಲ್ಲಿ ಅವನ ಹೊಲಿಗೆ ಅಂಗಡಿ. ಒಂದು ಮಿಷನ್ನು, ಒಂದು ಇಸ್ತ್ರಿ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ಮೂಲೆಯಲ್ಲಿ ಚೂರು ಬಟ್ಟೆಯ ಗಂಟು. ಹೊಲಿಯುವುದೇನು, ಎಲ್ಲ ಟೈಲರುಗಳೂ ಹೊಲಿಯುತ್ತಾರೆ, ಬಿಡಿ. ಅವನ ಹೆಚ್ಚುಗಾರಿಕೆ ಇದ್ದದ್ದು ಬಣ್ಣ ಆರಿಸುವುದರಲ್ಲಿ. ಗಿರಾಕಿ ಬಂದು ನೀಲಿ ಶರ್ಟು ಬೇಕು ಎಂದರೆ ತಲೆಯಾಡಿಸಿ ಅಳತೆ ತೆಗೆದುಕೊಳ್ಳುವ ಆಸಾಮಿಯಲ್ಲ. ಥಾನನ್ನು ಹೆಗಲಿಗೇರಿಸಿ, ಗಿರಾಕಿಯ ತೋಳು ಹಿಡಿದು ಬಾಗಿಲಾಚೆ ಬಿಸಿಲಿಗೆ ಎಳೆತಂದು, ಬಟ್ಟೆಯನ್ನು ಅವರ ಕತ್ತಿನ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

"ಟ್ಯೂಬ್‌ಲೈಟ್ ಕೆಳಗೆ ಬಣ್ಣ ಆರಿಸಬಾರ್ದು ಸಾರ್, ಅದು ಮೋಸ ಮಾಡುತ್ತೆ. ಈ ಹಸಿರು ನಿಮಗೆ ಬೇಡ. ಆಸ್ಪತ್ರೆಯಿಂದ ಈಗ ತಾನೇ ಎದ್ದು ಬಂದವರ ಹಾಗೆ ಕಾಣ್ತೀರಿ."

ಜನ ನಗುತ್ತಿದ್ದರು, ಬೈದುಕೊಳ್ಳುತ್ತಿದ್ದರು, ಕೊನೆಗೆ ಅವನು ಹೇಳಿದ ಬಣ್ಣವನ್ನೇ ಹೊಲಿಸಿಕೊಂಡು ಹೋಗುತ್ತಿದ್ದರು. ಅದು ಅವರಿಗೆ ಒಪ್ಪುತ್ತಿತ್ತು ಕೂಡ. ಹೀಗೆ ವರ್ಷಗಟ್ಟಲೆ ಹೊಗಳಿಸಿಕೊಂಡವನಿಗೆ ಸ್ವಲ್ಪ ಕೊಬ್ಬು ಬರದೆ ಇರುತ್ತದೆಯೇ? ಬಂದಿತ್ತು. ಬಣ್ಣದ ವಿಷಯದಲ್ಲಿ ದೇವರೇ ಇಳಿದು ಬಂದು ಹೇಳಿದರೂ ಅವನು ಕೇಳುತ್ತಿರಲಿಲ್ಲ.

ಇಂಥವನ ಹೆಂಡತಿ ಏನು ಉಡುತ್ತಿದ್ದಳು ಎಂದು ಯಾರಾದರೂ ಕೇಳಬೇಕಿತ್ತು. ಕೇಳಲಿಲ್ಲ. ಗಿರಾಕಿಗಳ ಕೆಲಸ ಮುಗಿದ ಮೇಲೆ, ಉಳಿದ ಬಟ್ಟೆಯಲ್ಲಿ, ಪುರುಸೊತ್ತಾದಾಗ ಅವಳದ್ದು. ಆ ಪುರುಸೊತ್ತು ಬರುತ್ತಲೇ ಇರಲಿಲ್ಲ. ಅವಳು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಹಾಸಿಗೆಯ ಬಿಳಿ ಚಾದರ, ಕೈ ಒರೆಸುವ ಟವೆಲು, ಊಟದ ಮೇಜಿಗೆ ಹಾಸುವ ಕೆಂಪು ಬಟ್ಟೆ, ಎಲ್ಲವನ್ನೂ ನೆನೆಹಾಕಿ, ಒಗೆದು, ಹಿಂಡಿ, ಸಂಜೆ ಮಬ್ಬುಗತ್ತಲಾಗುವ ಹೊತ್ತಿಗೆ ಸೈಕಲ್ ಏರಿ ಮನೆಗೆ ಬರುತ್ತಿದ್ದಳು. ದಾರಿಯಲ್ಲಿ ರೈಲ್ವೆ ಸೇತುವೆಯ ಕೆಳಗೆ ರಸ್ತೆ ಕಿರಿದಾಗುತ್ತದೆ. ಅಲ್ಲಿ ಲಾರಿ, ಬಸ್ಸು, ವ್ಯಾನು, ಸೈಕಲ್ಲು ಎಲ್ಲವೂ ಮೈಗೆ ಮೈ ತಾಗಿಸಿಕೊಂಡೇ ಹೋಗಬೇಕು.

ಆ ವರ್ಷ ಮಳೆ ಶುರುವಾದಾಗ ಅವಳ ಹಳೇ ರೇನ್‌ಕೋಟು ಕಂಕುಳಲ್ಲಿ ಹರಿದು ಬಾಯಿ ಬಿಟ್ಟಿತ್ತು.

"ರೀ, ಒಂದು ರೇನ್‌ಕೋಟ್ ಹೊಲಿದುಕೊಡಿ. ಹಳದಿ ಬಟ್ಟೆ ಸಿಕ್ಕುತ್ತಾ ನೋಡಿ, ರಸ್ತೆ ಗುಡಿಸೋರು ಹಾಕ್ಕೊಂಡಿರ್ತಾರಲ್ಲ, ಕಣ್ಣಿಗೆ ಹೊಡೆಯೋ ಹಳದಿ. ಲಾರಿಯವರಿಗೆ ದೂರದಿಂದಲೇ ಕಾಣುತ್ತೆ."

ಅವನು ಬಿದ್ದು ಬಿದ್ದು ನಕ್ಕ. "ಬಣ್ಣದ ಮಾಸ್ಟರ್ ಹೆಂಡ್ತಿ ಆ ಹಳದಿ ಹಾಕ್ಕೊಂಡು ಹೋದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ ಕಣೇ. ಸುಮ್ನಿರು, ನಾನು ನೋಡ್ತೀನಿ."

ನೋಡಿದ, ಪಾಪ. ಇಲ್ಲ ಎನ್ನುವ ಹಾಗಿಲ್ಲ. ಬಟ್ಟೆ ಮಾರ್ಕೆಟ್ಟಿನಲ್ಲಿ ಅರ್ಧ ದಿನ ಅಲೆದು, ನೀರಿಳಿಯದ ಒಳ್ಳೇ ನೈಲಾನ್ ಬಟ್ಟೆ ತಂದ. ದಾಳಿಂಬೆ ಕಾಳಿನ ಬಣ್ಣ. ಮಳೆ ಬಿಟ್ಟ ಒಂದು ಬೆಳಗ್ಗೆ ಅವಳನ್ನೂ ಗಿರಾಕಿಯ ಹಾಗೆ ತೋಳು ಹಿಡಿದು ಬಿಸಿಲಿಗೆ ನಿಲ್ಲಿಸಿ, ಬಟ್ಟೆಯನ್ನು ಕೆನ್ನೆಯ ಪಕ್ಕ ಹಿಡಿದು ನೋಡಿದ. ಮುಖ ಹೇಗೆ ಹೊಳೆಯಿತು ಅಂತೀರಿ! ಗಿರಾಕಿಗಳ ಕೆಲಸ ಬದಿಗಿಟ್ಟು ಹೊಲಿದ. ತಲೆಗೆ ಟೊಪ್ಪಿ, ಒಳಗೆ ಊಟದ ಡಬ್ಬಿ ಇಡಲು ಜೇಬು, ಸೈಕಲ್ ತುಳಿಯುವಾಗ ಮೊಣಕಾಲಿಗೆ ತೊಡಕಾಗದ ಹಾಗೆ ಮುಂದೆ ಸೀಳು.

"ಇದು ಕಾಣುತ್ತೇನ್ರೀ, ಸಂಜೆ ಹೊತ್ತು?" ಎಂದಳು ಕನ್ನಡಿ ಮುಂದೆ ನಿಂತು.

"ಕೆಂಪು ಕಾಣದೆ ಇರುತ್ತಾ? ಅಪಾಯ ಅಂತ ಬರೆಯೋದಕ್ಕೆ ಎಲ್ಲರೂ ಯಾವ ಬಣ್ಣ ಹಚ್ತಾರೆ? ಒಳ್ಳೇ ಪ್ರಶ್ನೆ ಕೇಳ್ತೀಯ!"

ಅವಳು ಮತ್ತೇನೂ ಕೇಳಲಿಲ್ಲ. ಆ ಮಳೆಗಾಲದಲ್ಲಿ ದಿನವೂ ಅದನ್ನೇ ಹಾಕಿಕೊಂಡು ಹೋದಳು.

ಮಳೆಗಾಲ ಇನ್ನೇನು ಮುಗಿಯಿತು ಎನ್ನುವಾಗ, ಮಳೆ ಹಿಡಿದ ಒಂದು ಸಂಜೆ, ಸೇತುವೆಯ ಕೆಳಗೆ, ಹಿಂದಿನಿಂದ ಬಂದ ತರಕಾರಿ ವ್ಯಾನು ಅವಳಿಗೆ ಗುದ್ದಿತು. ಪ್ರಾಣ ಉಳಿಯಿತು. ಬೆನ್ನುಮೂಳೆ ಉಳಿಯಲಿಲ್ಲ. ಸೊಂಟದಿಂದ ಕೆಳಗೆ ಇನ್ನು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದರೆ ಏನು ಬಂತು? ಮಾಸ್ಟರ್ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ.

ಗುದ್ದಿದವನು ಓಡಿಹೋಗಿರಲಿಲ್ಲ. ಅವಳನ್ನು ತಾನೇ ಎತ್ತಿಕೊಂಡು ಆಸ್ಪತ್ರೆಗೆ ತಂದವನು ಅವನೇ. ಕುಡಿದಿರಲಿಲ್ಲ, ಪೊಲೀಸರು ಊದಿಸಿ ನೋಡಿದ್ದರು. ಅವನ ಬಾಯಲ್ಲಿ ಒಂದೇ ಮಾತು: "ನನಗೆ ಕಾಣಲೇ ಇಲ್ಲ ಮಾಸ್ಟ್ರೇ. ಏನೂ ಕಾಣಲಿಲ್ಲ."

ಅಷ್ಟು ಸಾಕಾಯಿತು. ಮಾಸ್ಟರ್ ಅವನ ಕೊರಳಪಟ್ಟಿ ಹಿಡಿದ. "ಅಂಥ ಕೆಂಪು ಕಾಣಲಿಲ್ವಾ? ಕಣ್ಣು ಏನಾಗಿತ್ತೋ ನಿಂಗೆ? ಕುರುಡನಾ ನೀನು?" ಅಂದಿನಿಂದ ಅವನಿಗೆ ಊಟ, ನಿದ್ದೆ, ಕೆಲಸ ಎಲ್ಲವೂ ಅದೇ ಆಯಿತು. ಆಸ್ಪತ್ರೆಯವರು ಕತ್ತರಿಸಿ ತೆಗೆದಿದ್ದ ರೇನ್‌ಕೋಟನ್ನು ಕೇಳಿ ತಂದು, ರಕ್ತ ತೊಳೆದು, ತುಂಡುಗಳನ್ನು ಸೇರಿಸಿ ಮತ್ತೆ ಹೊಲಿದ. ಯಾರಿಗೆ ಮಾಸ್ಟ್ರೇ ಎಂದರೆ ಸಾಕ್ಷಿಗೆ ಎನ್ನುತ್ತಿದ್ದ. ಬಂದವರಿಗೆಲ್ಲ ಬಾಗಿಲಾಚೆ ಬಿಸಿಲಲ್ಲಿ ಅದನ್ನು ಹಿಡಿದು ತೋರಿಸಿ, "ನೀವೇ ಹೇಳಿ, ಇದು ಕಾಣಲ್ವಾ?" ಎಂದು ಕೇಳುತ್ತಿದ್ದ. ಕಾಣುತ್ತೆ ಮಾಸ್ಟ್ರೇ ಎನ್ನುತ್ತಿದ್ದರು ಎಲ್ಲರೂ. ಇನ್ನೇನು ಹೇಳುತ್ತಾರೆ?

ಅವನ ಸಂಕಟ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಕಂಡಿದ್ದರೆ ಹೆಂಡತಿಯನ್ನು ಮಂಚಕ್ಕೆ ಕೆಡವಿದವನು ವ್ಯಾನಿನವನು. ಕಾಣದೆ ಇದ್ದಿದ್ದರೆ? ಆ ಕಡೆಗೆ ಯೋಚನೆ ಹೊರಳಿದಾಗಲೆಲ್ಲ ಅವನು ಎದ್ದು ಓಡಾಡುತ್ತಿದ್ದ.

ಕೇಸು ನಡೆಯುತ್ತಿತ್ತು. ಮುಂದಿನ ವರ್ಷ ಮಳೆ ಹಿಡಿದಾಗ ವ್ಯಾನಿನವನು ಒಂದು ದಿನ ಅಂಗಡಿಗೆ ಬಂದ. ಸೊರಗಿ ಹೋಗಿದ್ದ. "ಮಾಸ್ಟ್ರೇ, ನಿಧಾನಕ್ಕೆ ಹೋಗಬೇಕಿತ್ತು ನಾನು, ಅದು ನನ್ನ ತಪ್ಪು, ಒಪ್ಕೋತೀನಿ. ಆದ್ರೆ ಕಂಡೂ ಗುದ್ದಿದೆ ಅಂತ ಮಾತ್ರ ಹೇಳಬೇಡಿ. ನನ್ನ ಮಕ್ಕಳಾಣೆ, ಕಾಣಲಿಲ್ಲ."

"ಹಾಗಾದ್ರೆ ನಡಿ," ಎಂದ ಮಾಸ್ಟರ್. "ಅದೇ ಜಾಗ, ಅದೇ ಹೊತ್ತು, ನಿನ್ನ ವ್ಯಾನಲ್ಲೇ ಕೂತು ನೋಡೋಣ. ಕಂಡರೆ ನೀನೇ ಸ್ಟೇಷನ್ನಿಗೆ ಹೋಗಿ ಒಪ್ಕೋಬೇಕು."

ಕೋಟು ತೊಟ್ಟು ಸೈಕಲ್ ತುಳಿಯಬೇಕಾದವಳು ಅವರ ಬೆಳೆದ ಮಗಳು. ಅವಳಿಗೆ ಇದು ಬೇಕಿರಲಿಲ್ಲ. "ಅಪ್ಪಾ, ಇದರಿಂದ ಅಮ್ಮ ಎದ್ದು ಓಡಾಡ್ತಾಳಾ?" ಎಂದಳು. ಆದರೂ ಅವನ ಮುಖ ನೋಡಿ ಬಂದಳು. ಮಂಚದ ಮೇಲಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು, ಬೇಡ ಎನ್ನಲಿಲ್ಲ. "ಹುಷಾರು" ಎಂದಳು, ಅಷ್ಟೇ.

ಸಂಜೆ ಮಳೆ ಜಿಟಿಜಿಟಿ ಹಿಡಿದಿತ್ತು. ವ್ಯಾನನ್ನು ಸೇತುವೆಗೆ ಸ್ವಲ್ಪ ಈಚೆ, ರಸ್ತೆಯ ಬದಿಗೆ ನಿಲ್ಲಿಸಿದರು. ಮಗಳು ದಾಳಿಂಬೆ ಬಣ್ಣದ ಕೋಟು ತೊಟ್ಟು, ಎರವಲು ಸೈಕಲ್ ಹಿಡಿದು, ಮುಂದಿದ್ದ ಟೈರ್ ಅಂಗಡಿಯ ಹತ್ತಿರ ನಿಂತಳು. ಅಲ್ಲಿಂದ ಸೇತುವೆಯ ಕೆಳಗೆ ಹಾದು ಆಚೆ ಬದಿಗೆ ಹೋಗಿ ವಾಪಸು ಬರಬೇಕು. ಮಾಸ್ಟರ್ ಡ್ರೈವರನ ಸೀಟಿನಲ್ಲಿ ಕೂತ. ವ್ಯಾನಿನವನು ಪಕ್ಕದಲ್ಲಿ ಕೈ ಕಟ್ಟಿ ಕೂತ. ದೀಪ ಉರಿಯುತ್ತಿತ್ತು, ವೈಪರ್ ಆಡುತ್ತಿತ್ತು.

ಬೆಳಕು ಇಳಿಯಿತು. ಎದುರಿನಿಂದ ಬರುವ ಗಾಡಿಗಳ ದೀಪ ಒದ್ದೆ ಗಾಜಿನ ಮೇಲೆಲ್ಲ ಹರಡಿಕೊಂಡಿತು. ವೈಪರ್ ಒಮ್ಮೆ ಒರೆಸಿದಾಗ ರಸ್ತೆ, ಮರುಗಳಿಗೆಗೆ ಬರೀ ನೀರು. ಮಾಸ್ಟರ್ ಮುಂದಕ್ಕೆ ಬಾಗಿ, ಒಂದು ಕಣ್ಣು ಮುಚ್ಚಿ, ನೋಡಿಯೇ ನೋಡಿದ. ಸೇತುವೆಯ ಕಂಬದ ಹತ್ತಿರ ಕಟ್ಟಿಕೊಂಡ ಮೋರಿ ಬಿಡಿಸುತ್ತಿದ್ದ ಒಬ್ಬ ಕೂಲಿಯವನು ಕಂಡ. ಅವನ ಹಳದಿ ಕೋಟು ಅಷ್ಟು ದೂರಕ್ಕೂ ಎದ್ದು ಕಾಣುತ್ತಿತ್ತು. ಒಂದು ಬಿಳಿ ನಾಯಿ ರಸ್ತೆ ದಾಟಿದ್ದು ಕಂಡಿತು. ಮಗಳು ಕಾಣಲಿಲ್ಲ.

"ಇವಳು ಯಾಕೆ ಇನ್ನೂ ಹೊರಟಿಲ್ಲ? ಮಳೆ ನಿಲ್ಲಲಿ ಅಂತ ಕಾಯ್ತಿದಾಳಾ ಏನು ಕತೆ?" ಎಂದ ಸಿಡುಕಿನಿಂದ.

ವ್ಯಾನಿನವನು ಕೈ ಚಾಚಿ ವೈಪರ್ ಜೋರು ಮಾಡಿದ.

ಮಾಸ್ಟರ್ ಮತ್ತಷ್ಟು ಹೊತ್ತು ನೋಡಿದ. ಗಾಜಿನ ಒಳಗೆ ಉಸಿರಿನ ಮಬ್ಬು ಕಟ್ಟಿತು, ಅಂಗಿಯ ತೋಳಿನಿಂದ ಒರೆಸಿದ. ಆಗ ಪಕ್ಕದ ಕಿಟಕಿಗೆ ಟಕಟಕ ಬಡಿದ ಸದ್ದಾಯಿತು. ತಿರುಗಿದರೆ ಮಗಳು. ಟೊಪ್ಪಿಯಿಂದ ನೀರು ಸುರಿಯುತ್ತಿತ್ತು.

"ಆಯ್ತೇನಪ್ಪಾ? ಎರಡು ಸಲ ಹೋಗಿ ಬಂದೆ. ಇನ್ನೊಂದು ಸಲ ಹೋಗಲಾ?"

ಮಾಸ್ಟರ್ ಗಾಜು ಇಳಿಸಿದ. ಅವಳ ಮೈಮೇಲಿನ ಕೋಟನ್ನು ನೋಡಿದ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರವಿದ್ದರೂ ಅದು ಆ ಮಬ್ಬಿನಲ್ಲಿ ಕಪ್ಪಾಗಿತ್ತು. ಕೆಂಪೇ ಇರಲಿಲ್ಲ. ಬಿಸಿಲಲ್ಲಿ ತಾನು ಹಿಡಿದು ಹಿಡಿದು ತೋರಿಸಿದ ಬಣ್ಣ ಇದೇ ಎಂದು ನಂಬುವುದೇ ಕಷ್ಟವಾಯಿತು. ಮಳೆಯಲ್ಲಿ ತೊಡುವ ಬಟ್ಟೆಯನ್ನು ಮಳೆ ಬಿಟ್ಟಾಗ ಆರಿಸಿದ್ದ, ಮಹಾಶಯ! ಒಂದು ಸಂಜೆ, ಒಂದೇ ಒಂದು ಸಂಜೆ, ಆ ಬಟ್ಟೆಯನ್ನು ಒದ್ದೆ ಮಾಡಿ ಬಾಗಿಲಾಚೆ ಹಿಡಿದಿದ್ದರೆ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಕಣ್ಣು ಇದ್ದು ಏನು ಮಣ್ಣು ತಿಂದ?

ಗೆದ್ದವನು ಗೆದ್ದ ಹಾಗೆ ಕಾಣಲಿಲ್ಲ. ವ್ಯಾನಿನವನು ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ. "ಸೈಕಲ್ ಹಿಂದೆ ಹಾಕಮ್ಮ, ಮನೆಗೆ ಬಿಡ್ತೀನಿ" ಎಂದ ಮಗಳಿಗೆ. ಇಳಿಯುವಾಗ ಮಾಸ್ಟರ್, "ನಾಳೆ ಸ್ಟೇಷನ್ನಿಗೆ ನಾನು ಬರ್ತೀನಿ. ಕಂಡಿರಲಿಲ್ಲ ಅಂತ ಹೇಳ್ತೀನಿ" ಎಂದ.

ಒಳಗೆ ಹೆಂಡತಿ ಎಚ್ಚರವಾಗಿಯೇ ಇದ್ದಳು. ಮಗಳು ಕೋಟು ಬಿಚ್ಚಿ ಬಚ್ಚಲಿಗೆ ಹೋದಳು. ಅವನು ಒದ್ದೆ ಬಟ್ಟೆಯಲ್ಲೇ ಮಂಚದ ಕಾಲ ಬಳಿ ನೆಲದ ಮೇಲೆ ಕೂತ.

"ಕಾಣ್ತೇನ್ರೀ?" ಎಂದಳು.

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. "ಇಲ್ಲ ಕಣೇ. ನನ್ನ ಕಣ್ಣಿಗೇ ಕಾಣಲಿಲ್ಲ. ಸ್ವಂತ ಮಗಳು, ಕಾಣಲಿಲ್ಲ."

"ನಂಗೊತ್ತಿತ್ತು."

ಅವನು ತಲೆ ಎತ್ತಿದ.

"ಮೊದಲನೇ ದಿನವೇ ಗೊತ್ತಾಯ್ತು. ಲಾಂಡ್ರಿಯಲ್ಲಿ ದಿನಾ ಕೆಂಪು ಬಟ್ಟೆ ಹಿಂಡೋಳು ನಾನು. ತೊಟ್ಟಿಯಿಂದ ಎತ್ತಿದಾಗ ಅದು ಹೇಗೆ ಕಾಣುತ್ತೆ ಅಂತ ನನಗೆ ಗೊತ್ತಿಲ್ವಾ? ಸೇತುವೆ ಹತ್ತಿರ ಬಂದಾಗಲೆಲ್ಲ ಬೆಲ್ ಬಾರಿಸ್ಕೊಂಡೇ ಹೋಗ್ತಿದ್ದೆ. ಮಳೆ ಸದ್ದಲ್ಲಿ ಯಾರಿಗೆ ಕೇಳಬೇಕು."

"ಅಯ್ಯೋ... ಒಂದು ಮಾತು ಹೇಳಬಾರದಿತ್ತೇನೇ?" ಎಂದ ಅವನು. "ಬೈದಾದರೂ ಹೇಳಬಾರದಿತ್ತಾ? ಬಿಸಾಕಿ, ಬೇರೆ ಕೊಂಡ್ಕೋಬಾರದಿತ್ತಾ?"

"ಮದುವೆಯಾದ ಮೇಲೆ ನೀವು ನನಗೇ ಅಂತ ಬಟ್ಟೆ ತಂದು, ನನ್ನನ್ನ ಬಿಸಿಲಿಗೆ ನಿಲ್ಲಿಸಿ ನೋಡಿ, ಕೂತು ಹೊಲಿದದ್ದು ಅದೊಂದೇ ಕಣ್ರೀ. ಹೇಗೆ ಬೇಡ ಅನ್ನಲಿ?"

ಅವನು ಮಂಚದ ಕಾಲಿಗೆ ಹಣೆ ಚಚ್ಚಿಕೊಂಡು ಅತ್ತ. ಅವಳು ತಡೆಯಲಿಲ್ಲ. ತಡೆಯಬೇಕೆಂದರೂ ಅವಳ ಕೈ ಅಲ್ಲಿಯವರೆಗೆ ನಿಲುಕುತ್ತಿರಲಿಲ್ಲ. ಬಚ್ಚಲಲ್ಲಿ ಮಗಳು ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು.

"ಇವಳು ಲಾಂಡ್ರಿಗೆ ಸೇರ್ತಾಳಂತೆ, ನನ್ನ ಜಾಗಕ್ಕೆ," ಎಂದಳು ಕೊನೆಗೆ, ದನಿ ತಗ್ಗಿಸಿ. "ಅದೇ ದಾರಿ. ಅವಳ ರೇನ್‌ಕೋಟು ರೆಡಿಮೇಡ್ ಅಂಗಡಿಯಿಂದ ಅವಳೇ ತಂದ್ಕೊಳ್ಳಲಿ. ನೀವು ಹೊಲೀಬೇಡಿ. ನೀವು ಹೊಲಿದುಕೊಟ್ರೆ, ಅದು ಎಂಥದೇ ಆಗಿರಲಿ, ಅವಳೂ ನನ್ನ ಹಾಗೇ ಸುಮ್ನೆ ಹಾಕ್ಕೊಂಡು ಹೋಗ್ಬಿಡ್ತಾಳೆ."